ಘಟ್ಟದಲ್ಲಿ ಮಾತ್ರ ಮಿಸ್ ಹೊಡೆಯುವ ಮಾರುತಿ 800: ನಾನು ಕಾಯಿಲೆ ಹುಡುಕಿದ ಬಗೆ

ಘಟ್ಟ ಹತ್ತುವಾಗ ಮಿಸ್ ಹೊಡೆಯುವ, ಅಂದರೆ ನಡುನಡುವೆ ಸಿಲಿಂಡರ್ ಉರಿಯದೆ ಎಡವುವ ಗಾಡಿ ಗ್ಯಾರೇಜಿನ ಮುಂದೆ ಹೋಗಿ ನಿಂತ ಕೂಡಲೇ ಒಂದೇ ಸಮ ಓಡತೊಡಗುತ್ತದೆ. ಹಳೆ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಸಂಕಟ ಗೊತ್ತು. ನನ್ನದು 1998ರ ಮಾರುತಿ 800, ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಮಾಡೆಲ್. ಕುಮಟೆಯ ಮನೆಯಿಂದ ಕತಗಾಲದ ತನಕ ಯಾವ ತಕರಾರೂ ಇರಲಿಲ್ಲ. ದೇವಿಮನೆ ಘಟ್ಟ ಶುರುವಾಗಿ, ಗೇರ್ ಇಳಿಸಿ ಎಕ್ಸಿಲರೇಟರ್ ಒತ್ತಿದರೆ ಸಾಕು, ಇಡೀ ಗಾಡಿ ನಡುಗುತ್ತಿತ್ತು. ಪಿಕಪ್ ಸತ್ತುಹೋಗುತ್ತಿತ್ತು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಬಂಡಲ ದಾಟಿ ಶಿರಸಿ ಕಡೆಯ ಸಪಾಟು ರಸ್ತೆ ಸಿಕ್ಕಿದರೆ ಮತ್ತೆ ಸರಿ. ಇದೆಲ್ಲ ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಇದೇ ಗಾಡಿ ಇದೇ ಘಟ್ಟವನ್ನು ಗೊಣಗದೆ ಹತ್ತಿತ್ತು.

ಕೇಳಿದಲ್ಲೆಲ್ಲ ಒಂದೊಂದು ಸಲಹೆ ಬಂತು. ಕಾರ್ಬೊರೇಟರ್ ಇಳಿಸಿ ಕ್ಲೀನ್ ಮಾಡಿ, ಕಿಡಿಗೆ ಬೇಕಾದ ವೋಲ್ಟ್ ಕೊಡುವ ಕಾಯಿಲ್ ಬದಲಿಸಿ, ಕಿಡಿ ಹೊತ್ತಿಸುವ ಪ್ಲಗ್ ಸೆಟ್ ಹಾಕಿ, ಪೆಟ್ರೋಲ್ ಪಂಪ್ ಹೊಸದು ಹಾಕಿ. ಎಲ್ಲವನ್ನೂ ಮಾಡಿಸಿದರೆ ಮಿಸ್ಸಿಂಗ್ ಹೋಗಬಹುದು. ಆದರೆ ಆ ದುಡ್ಡು ನನ್ನ ಹತ್ತಿರ ಇರಲಿಲ್ಲ, ಮತ್ತು ಯಾವುದರಿಂದ ಹೋಯಿತು ಎಂಬುದು ಕೊನೆಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಂಡೆ: ಯಾವ ಭಾಗ ಕೆಟ್ಟಿದೆ ಎಂದು ಕಣ್ಣಿಗೆ ಕಾಣುವ ತನಕ ಅಂಗಡಿಗೆ ಹೋಗುವುದಿಲ್ಲ.

ಈ ಇಂಜಿನ್ನಿಗೆ ಇರುವುದು ಮೂರೇ ಸಿಲಿಂಡರ್, 796 ಸಿಸಿ. ಒಂದು ಸುಮ್ಮನಾದರೆ ಮೂರರಲ್ಲೊಂದು ಪಾಲು ಶಕ್ತಿ ಹೋದಂತೆ. ಐಡಲ್‌ನಲ್ಲಿ (ಎಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ನಿಮಿಷಕ್ಕೆ 900 ಸುತ್ತು ಇದೆ ಎಂದುಕೊಂಡರೆ ಒಂದೊಂದು ಸಿಲಿಂಡರೂ 450 ಸಲ ಉರಿಯುತ್ತದೆ. ಅದರಲ್ಲಿ ಒಂದು ತಪ್ಪಿದರೆ ಸೈಲೆನ್ಸರ್ ಬಾಯಿಯಲ್ಲಿ ಲೆಕ್ಕ ತಪ್ಪದ ಒಂದು ಎಡವು ಕೇಳುತ್ತದೆ. ಕೈಯನ್ನು ಹೊಗೆಗೆ ಅಡ್ಡ ಹಿಡಿದರೆ ಅಂಗೈಗೂ ಗೊತ್ತಾಗುತ್ತದೆ. ನಾನು ಮೊದಲು ಗಮನಿಸಿದ್ದು ಇದನ್ನೇ. ಎಡವು ಒಂದೇ ತಾಳದಲ್ಲಿ ಬಂದರೆ ಒಂದು ಸಿಲಿಂಡರಿನ ಕಾಯಿಲೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಎಂದು ಎಲ್ಲೆಂದರಲ್ಲಿ ಬಂದರೆ ಮೂರಕ್ಕೂ ಸೇರಿದ ಕಾಯಿಲೆ: ಪೆಟ್ರೋಲು, ಕಾರ್ಬೊರೇಟರ್, ಕಾಯಿಲ್, ಅರ್ಥ್ ವಯರ್ ಇಂಥವು. ಮೂರೂ ಸಿಲಿಂಡರಿಗೆ ಕಾರ್ಬೊರೇಟರ್ ಒಂದೇ. ಅದು ಕಟ್ಟಿಕೊಂಡರೆ ಮೂರೂ ಒದ್ದಾಡಬೇಕು. ಒಂದು ಮಾತ್ರ ಸಾಯುತ್ತಿದ್ದರೆ ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಬೇರೆ ಕಡೆ ನೋಡುವುದು ನ್ಯಾಯ. ನನ್ನ ಗಾಡಿಯದು ಒಂದೇ ತಾಳದ ಎಡವು. ಅಲ್ಲಿಗೆ ಒಂದು ದೊಡ್ಡ ಖರ್ಚು ಸದ್ಯಕ್ಕೆ ಪಟ್ಟಿಯಿಂದ ಹೊರಗೆ ಹೋಯಿತು.

ಪೆಟ್ರೋಲನ್ನು ಮಾತ್ರ ಒಮ್ಮೆ ನೋಡಿಬಿಟ್ಟೆ, ಅದಕ್ಕೆ ಖರ್ಚಿಲ್ಲ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ನೀರು ಸೇರಿದರೆ ಎಥೆನಾಲ್ ಆ ನೀರಿನೊಟ್ಟಿಗೆ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಇಂಜಿನ್ ತಣ್ಣಗಿರುವಾಗ, ಬ್ಯಾಟರಿ ಬಿಚ್ಚಿ, ಕಾರ್ಬೊರೇಟರಿನ ಪೈಪ್ ತೆಗೆದು ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಪದರ ಇರಲಿಲ್ಲ, ತಳದಲ್ಲಿ ಕಸವೂ ಇರಲಿಲ್ಲ.

ನಿಜವಾದ ಕಷ್ಟ ಇದ್ದದ್ದು ಕಾಯಿಲೆಯನ್ನು ಮನೆಯಂಗಳದಲ್ಲಿ ಬರಿಸುವುದರಲ್ಲಿ. ಬಾರದ ಕಾಯಿಲೆಯನ್ನು ಪರೀಕ್ಷೆ ಮಾಡಲಾಗದು. ಘಟ್ಟದಲ್ಲಿ ಮತ್ತು ಮಳೆಯಲ್ಲಿ ಮಾತ್ರ ಯಾಕೆ ಎಂದು ಯೋಚಿಸುತ್ತ ಕುಳಿತಾಗಲೇ ಅರ್ಧ ಉತ್ತರ ಸಿಕ್ಕಿತು. ಏರಿನಲ್ಲಿ ಎಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ-ಪೆಟ್ರೋಲು ತುಂಬಿ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಹತ್ತು ಸಾವಿರ, ಇಪ್ಪತ್ತು ಸಾವಿರದ ಮಾತು ಅದು. ಪ್ಲಗ್ಗಿನೊಳಗೆ ಹಾರುವುದಕ್ಕಿಂತ ಸುಲಭವಾದ ದಾರಿ ಹೊರಗೆಲ್ಲಾದರೂ ಸಿಕ್ಕಿದರೆ ಕರೆಂಟು ಆ ಕಡೆಗೇ ಹೋಗುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ತೂತು ಇದ್ದರೆ ನೀರು ತುಂಬಿದಾಗ ಅಲ್ಲಿಂದಲೇ ಸೋರುವಂತೆ. ಇನ್ನು ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ವಯರಿನ ಮೇಲೆ, ಕರೆಂಟನ್ನು ಸರದಿಯಂತೆ ಮೂರೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ ಮೇಲೆ ತೆಳ್ಳಗೆ ಕೂತ ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಂಡು ಕರೆಂಟು ಹರಿಯುವ ಪೊರೆಯಾಗುತ್ತದೆ. ಭಾರ ಮತ್ತು ತೇವ ಎರಡೂ ಸೇರಿದರೆ ಬರುವ ಮಿಸ್ಸಿಂಗ್ ಎಂದರೆ ನನ್ನ ಮೊದಲ ಅನುಮಾನ ಇನ್ಸುಲೇಶನ್, ಅಂದರೆ ಕರೆಂಟು ಹೊರಗೆ ಸೋರದಂತೆ ತಡೆಯುವ ಹೊದಿಕೆಯ ಮೇಲೆ.

ತೇವವನ್ನು ಅಂಗಳದಲ್ಲೇ ಮಾಡಬಹುದಲ್ಲ! ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಮನೆಯಲ್ಲೇ ಇತ್ತು. ಶಿರಸಿಯಿಂದ ಭಾವ ಬಂದಿದ್ದ ದಿನ, ಕತ್ತಲಾದ ಮೇಲೆ, ಅಂಗಳದ ಲೈಟು ಆರಿಸಿ ಬಾನೆಟ್ ಎತ್ತಿದೆವು. ಭಾವನನ್ನು ಸೀಟಿನಲ್ಲಿ ಕೂರಿಸಿ ಇಂಜಿನ್ ಓಡಿಸಿದೆ. ಒಂದೊಂದೇ ಪ್ಲಗ್ ವಯರಿನ ಮೇಲೆ, ದೂರದಿಂದ, ಮಂಜಿನಷ್ಟು ತೆಳ್ಳಗೆ ನೀರು ಸಿಂಪಡಿಸಿದೆ. ಒಂದನೆಯದಕ್ಕೆ ಏನೂ ಇಲ್ಲ. ಎರಡನೆಯ ಸಿಲಿಂಡರಿನ ವಯರಿಗೆ ಮಂಜು ತಾಗಿದ್ದೇ ತಡ, ಪ್ಲಗ್ಗಿನ ಟೋಪಿಯ ಹತ್ತಿರದಿಂದ ಇಂಜಿನ್ ಹೆಡ್ಡಿಗೆ ನೀಲಿ ಕಿಡಿ ಚಟಚಟ ಹಾರತೊಡಗಿತು. ಅದೇ ಕ್ಷಣ ಇಂಜಿನ್ ಘಟ್ಟದಲ್ಲಿ ನಡುಗುವ ಹಾಗೇ ನಡುಗಿತು.

"ಇದೇ ಅಲ್ದಾ ಭಾವ, ಅಲ್ಲಿ ಮಾಡ್ತಾ ಇದ್ದದ್ದು?" ಎಂದು ಭಾವ ಒಳಗಿನಿಂದಲೇ ಕೂಗಿದ.

ಈ ಪರೀಕ್ಷೆ ಮಾಡುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇಂಜಿನ್ ಓಡುವಾಗ ಕೈ, ಬಟ್ಟೆ, ಬಾಟಲಿಯ ಮೂತಿ ಯಾವುದೂ ವಯರಿಗೆ ತಾಗಬಾರದು. ಫ್ಯಾನ್ ಬೆಲ್ಟಿನಿಂದ ದೂರ ನಿಲ್ಲಬೇಕು. ಹತ್ತಿರ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಈ ಕೆಲಸಕ್ಕೆ ಇಳಿಯಲೇಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಬಾನೆಟ್ ಹತ್ತಿರ ಬರುವುದೇ ಬೇಡ.

ಕಿಡಿ ಕಂಡಿತು ಎಂದು ಅಲ್ಲಿಗೇ ನಿಲ್ಲಿಸಲಿಲ್ಲ. ಪ್ಲಗ್ ಕೆಟ್ಟಿದ್ದರೂ ಕರೆಂಟು ಹೊರಗೆ ದಾರಿ ಹುಡುಕುತ್ತದೆ. ಪ್ಲಗ್ಗಿನ ಸಂದು ಸವೆದು ಅಗಲವಾದರೆ ಒಳ್ಳೆಯ ವಯರೂ ಸೋರಬಹುದು. ಹಾಗಾಗಿ ಮರುದಿನ ಬೆಳಿಗ್ಗೆ ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆ. ಒಂದು ಮತ್ತು ಮೂರನೆಯದರ ತುದಿ ತೆಳು ಕಂದು ಬಣ್ಣ, ಅಂದರೆ ಉರಿ ಸರಿ ಇದೆ. ಎರಡನೆಯದು ಕಪ್ಪಗೆ, ಪೆಟ್ರೋಲಿನ ವಾಸನೆಯ ಒದ್ದೆ. ಎಣ್ಣೆಯ ಜಿಡ್ಡು ಇದ್ದಿದ್ದರೆ ಎಣ್ಣೆ ಒಳಗೆ ಬರದಂತೆ ತಡೆಯುವ ರಿಂಗ್, ವಾಲ್ವ್ ಸೀಲ್ ಹೋಗಿದೆ ಎಂದು ಹೆದರಬೇಕಿತ್ತು. ಒಣ ಮಸಿ ಇದ್ದಿದ್ದರೆ ಪೆಟ್ರೋಲು ಹೆಚ್ಚಾಗಿದೆ ಎಂದು ಕಾರ್ಬೊರೇಟರ್ ಕಡೆ ತಿರುಗಬೇಕಿತ್ತು. ಇದು ಪೆಟ್ರೋಲು ಬಂದರೂ ಉರಿಯದೆ ಉಳಿದ ಸಿಲಿಂಡರಿನ ಗುರುತು.

ಆಮೇಲೆ ಅದಲುಬದಲು. ಬಡವನ ಸ್ಕ್ಯಾನರ್ ಎಂದು ನಾನು ಕರೆಯುವುದು ಇದನ್ನೇ, ಇದಕ್ಕಿಂತ ನಂಬಿಕೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. ಮೊದಲು ಪ್ಲಗ್ ಮಾತ್ರ: ಎರಡರದ್ದು ಮೂರಕ್ಕೆ, ಮೂರರದ್ದು ಎರಡಕ್ಕೆ. ಸ್ಪ್ರೇ ಮಾಡಿ ನೋಡಿದರೆ ಮಿಸ್ಸಿಂಗ್ ಎರಡರಲ್ಲೇ ಉಳಿಯಿತು, ಪ್ಲಗ್ ನಿರಪರಾಧಿ. ಬಳಿಕ ವಯರು ಅದಲುಬದಲು. ಉದ್ದ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಎರಡು ಮತ್ತು ಮೂರರ ವಯರು ಒಂದರ ಜಾಗಕ್ಕೆ ಇನ್ನೊಂದು ಎಟುಕಿದವು. ಕ್ಯಾಪಿನಲ್ಲೂ ಪ್ಲಗ್ಗಿನಲ್ಲೂ ಎರಡೂ ತುದಿ ಬದಲಿಸಬೇಕು, ಇಲ್ಲವಾದರೆ ಸಿಲಿಂಡರುಗಳು ಉರಿಯುವ ಸರದಿ (ಫೈರಿಂಗ್ ಕ್ರಮ) 1-3-2 ಕೆಟ್ಟು ಗಾಡಿ ಸ್ಟಾರ್ಟೇ ಆಗದು. ಈ ಸಲ ಮಿಸ್ಸಿಂಗ್ ಮೂರನೆಯ ಸಿಲಿಂಡರಿಗೆ ಹೋಯಿತು. ಕಾಯಿಲೆ ವಯರಿನ ಬೆನ್ನು ಹತ್ತಿ ಹೋಯಿತು ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಒಂದು ಸಲಕ್ಕೆ ಒಂದೇ ಭಾಗವನ್ನು ಕದಲಿಸಿದ್ದರಿಂದಲೇ ಇಷ್ಟು ಸ್ಪಷ್ಟವಾಗಿ ಹೇಳಲು ಬಂದದ್ದು.

ಯಾವ ಸಿಲಿಂಡರ್ ಎಂದು ತಿಳಿಯಲು ಕೆಲವರು ಇಂಜಿನ್ ಓಡುತ್ತಿರುವಾಗಲೇ ವಯರನ್ನು ಎಳೆದು ನೋಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಹೋಗಲು ದಾರಿಯಿಲ್ಲದ ಕರೆಂಟು ಕಾಯಿಲನ್ನೋ ಕ್ಯಾಪನ್ನೋ ಒಡೆಯುತ್ತದೆ, ಶಾಕ್ ಹೊಡೆಯುವುದಂತೂ ಇದ್ದೇ ಇದೆ. ಇಂಜಿನ್ ನಿಲ್ಲಿಸಿ, ಒಂದು ವಯರು ತೆಗೆದು, ಅದರ ತುದಿಗೆ ಹಳೆ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹವನ್ನು ಜಂಪರ್ ಕೇಬಲ್ಲಿನಿಂದ ಇಂಜಿನ್ನಿಗೆ ಭದ್ರವಾಗಿ ಕಚ್ಚಿಸಿ ಸ್ಟಾರ್ಟ್ ಮಾಡುತ್ತೇನೆ. ಒಳ್ಳೆಯ ಸಿಲಿಂಡರನ್ನು ಹೀಗೆ ನಿಲ್ಲಿಸಿದರೆ ಇಂಜಿನ್ ಇನ್ನಷ್ಟು ಕುಂಟುತ್ತದೆ. ಮೊದಲೇ ಸತ್ತದ್ದನ್ನು ನಿಲ್ಲಿಸಿದರೆ ಏನೂ ಬದಲಾಗದು.

ಮಲ್ಟಿಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರೂ ವಯರನ್ನು ಮೀಟರಿನಲ್ಲಿ ಅಳೆದಿದ್ದೆ. ಮೂರೂ ಕಿಲೋಓಮ್ ಲೆಕ್ಕದಲ್ಲಿ, ಉದ್ದಕ್ಕೆ ತಕ್ಕಂತೆ ಸರಿಯಾಗೇ ತೋರಿಸಿದವು. ಮೀಟರ್ ಕಳಿಸುವುದು ಕೆಲವೇ ವೋಲ್ಟ್. ಒಳಗಿನ ಎಳೆ ತುಂಡಾಗಿದ್ದರೆ ಅದು ಹೇಳುತ್ತದೆ. ಹೊರಗಿನ ರಬ್ಬರು ಸಾವಿರಾರು ವೋಲ್ಟಿಗೆ ಸೋರುತ್ತದೆಯೇ ಎಂಬುದನ್ನು ಅದು ಹೇಳಲಾರದು. ಆ ರಾತ್ರಿಯ ಕತ್ತಲೆ ಮತ್ತು ಸ್ಪ್ರೇ ಬಾಟಲಿ ಇಲ್ಲದಿದ್ದರೆ ಮೀಟರನ್ನು ನಂಬಿ ವಯರನ್ನು ಬಿಟ್ಟು ಬೇರೆಲ್ಲ ಬದಲಿಸುವ ಅಪಾಯವಿತ್ತು.

ವಯರು ಬಿಚ್ಚಿದ್ದಕ್ಕೆ ಕ್ಯಾಪನ್ನೂ ಬಿಚ್ಚಿದೆ. ಒಳಗೆ ಎರಡು ಟರ್ಮಿನಲ್ ನಡುವೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇತ್ತು. ಕಿಡಿ ಹರಿದು ಹರಿದು ಸುಟ್ಟ ಇಂಗಾಲದ ದಾರಿ ಅದು. ಉಜ್ಜಿ ತೆಗೆದರೂ ಕೆಲವೇ ದಿನದಲ್ಲಿ ಮರಳುತ್ತದೆ, ಯಾಕೆಂದರೆ ಸುಟ್ಟಿರುವುದು ಪ್ಲಾಸ್ಟಿಕ್ಕೇ. ಟರ್ಮಿನಲ್‌ಗಳ ಮೇಲೆ ಬಿಳಿ ಪುಡಿ ಕೂತಿತ್ತು, ಕ್ಯಾಪಿನೊಳಗೆ ತಿರುಗುತ್ತ ಕರೆಂಟು ಹಂಚುವ ರೋಟರಿನ ತುದಿ ಸವೆದಿತ್ತು. ಈಗ ಅಂಗಡಿಗೆ ಹೋಗುವ ಹಕ್ಕು ನನಗೆ ಬಂತು. ವಯರ್ ಸೆಟ್, ಕ್ಯಾಪ್, ರೋಟರ್ ಇಷ್ಟೇ ತಂದೆ. ಪ್ಲಗ್ಗನ್ನು ಬ್ರಷ್ಷಿನಿಂದ ಉಜ್ಜಿ, ಫೀಲರ್ ಗೇಜಿನಲ್ಲಿ ಸಂದು ಸರಿಮಾಡಿ ಅವನ್ನೇ ಹಾಕಿದೆ. ಕಾಯಿಲ್, ಪಂಪ್, ಕಾರ್ಬೊರೇಟರ್ ಯಾವುದನ್ನೂ ಮುಟ್ಟಲಿಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟು ಕಡಿದು ಕಿಡಿ ಎಬ್ಬಿಸುವ ಪಾಯಿಂಟ್ ಇರುವ ಇನ್ನೂ ಹಳೆಯ ಗಾಡಿಯಾದರೆ ಇದೇ ಹೊತ್ತಿಗೆ ಪಾಯಿಂಟಿನ ಸಂದನ್ನೂ ನೋಡಿಬಿಡಿ. ವಯರು ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಲೆಬಿಸಿ ಇಲ್ಲ.

ಜುಲೈ ಮಳೆಯಲ್ಲಿ ದೇವಿಮನೆ ಹತ್ತಿದೆ. ನಡುಕ ಹೋಗಿತ್ತು. ಆದರೆ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಐಡಲ್ ಇನ್ನೂ ಸ್ವಲ್ಪ ಒರಟಾಗಿಯೇ ಇತ್ತು, ಇದು ಬೇರೆಯದೇ ಕಾಯಿಲೆ. ಪರಿಚಯದ ಮೆಕ್ಯಾನಿಕ್ ಹತ್ತಿರ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಕೇಳಿ ತಂದು ಅಳೆದೆ. ಮೂರೂ ಹತ್ತಿರ ಹತ್ತಿರವೇ ಇದ್ದವು, ಹೆಡ್ ಬಿಚ್ಚುವ ಭಯ ಹೋಯಿತು. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಸಂದು ಸರಿಮಾಡುವುದು) ಮಾಡಿಸಿದೆ, ಈ ಇಂಜಿನ್ನಿನಲ್ಲಿ ಅದು ಸ್ಕ್ರೂ ತಿರುಗಿಸಿ ಮಾಡುವ ಕೆಲಸ. ಬಾಡಿ ಮತ್ತು ಇಂಜಿನ್ ನಡುವಿನ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸ್ಲಿನ್ ಸವರಿದೆ. ಐಡಲ್ ನೆಟ್ಟಗಾಯಿತು.

ಕರಾವಳಿಯಲ್ಲಿ ಗಾಡಿ ಇಟ್ಟುಕೊಂಡವರು ಮಳೆಗಾಲಕ್ಕೆ ಮೊದಲು ಒಣ ಬಟ್ಟೆಯಿಂದ ವಯರು, ಕ್ಯಾಪು, ಕಾಯಿಲ್ ಮೂತಿ ಒರೆಸಿ. ಪ್ಲಗ್ ಟೋಪಿಯ ಒಳಗೆ ಸಿಲಿಕೋನಿನ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಪ್ಲಾಸ್ಟಿಕ್ ಸುತ್ತಿ ಕಟ್ಟುವವರನ್ನು ನೋಡಿದ್ದೇನೆ. ಅದು ತೇವವನ್ನು ಒಳಗೇ ಹಿಡಿದಿಡುತ್ತದೆ, ಬಿಸಿಗೆ ಕರಗುತ್ತದೆ, ಬೇಡ.

ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ) ಗಾಡಿಯವರು ಕಾಯಿಲೆ ಓದುವ ಅಗ್ಗದ ಸ್ಕ್ಯಾನರ್ ತರಿಸುವ ಮೊದಲು ಗಾಡಿಯ ವರ್ಷ ನೋಡಿ. ಗಾಡಿಯೇ ತನ್ನ ಕಾಯಿಲೆ ದಾಖಲಿಸಿಕೊಳ್ಳುವ ಒಬಿಡಿ ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾಗಿ ಬರತೊಡಗಿದ್ದು 2010ರಲ್ಲಿ, ಒಬಿಡಿ-2 ಆದದ್ದು 2013ರಲ್ಲಿ. ಅದಕ್ಕೂ ಹಿಂದಿನ ಗಾಡಿ ಆ ಸ್ಕ್ಯಾನರಿಗೆ ಉತ್ತರವನ್ನೇ ಕೊಡದಿರಬಹುದು. ಅದಲುಬದಲು ಮಾಡುವ ವಿದ್ಯೆ ಅಲ್ಲೂ ನಡೆಯುತ್ತದೆ. ಒಂದು ಕಾಯಿಲಿಗೆ ಎರಡೆರಡು ಪ್ಲಗ್ ಜೋಡಿಸಿದ ನಾಲ್ಕು ಸಿಲಿಂಡರ್ ಗಾಡಿಯಲ್ಲಿ 1 ಮತ್ತು 4, ಇಲ್ಲವೇ 2 ಮತ್ತು 3 ಒಟ್ಟಿಗೆ ಸತ್ತಿದ್ದರೆ ಆ ಜೋಡಿಯ ಕಾಯಿಲನ್ನು ಮೊದಲು ಅನುಮಾನಿಸಿ. ಜೋಡಿಯಲ್ಲಿ ಒಂದೇ ಸತ್ತಿದ್ದರೆ ಪ್ಲಗ್, ವಯರು, ಇಂಜೆಕ್ಟರ್ ಈ ಕ್ರಮದಲ್ಲಿ ನೋಡುತ್ತ ಹೋಗಿ.