ಹಾಳೆಯ ಮೇಲೆ ಇಡ್ಲಿ ಉಬ್ಬಿಸುವುದು ಹೇಗೆ

ಭಾನುವಾರ ಬೆಳಗ್ಗೆ ದರ್ಶಿನಿಯಿಂದ ಒಂದು ಇಡ್ಲಿ ಕಟ್ಟಿಸಿಕೊಂಡು ಬನ್ನಿ. ತಟ್ಟೆ ಇಡ್ಲಿ ಬೇಡ, ಅದು ಮೊದಲೇ ಚಪ್ಪಟೆ. ಸ್ಟೀಲ್ ತಟ್ಟೆಯಲ್ಲಿಟ್ಟು, ನೇರ ಮೇಲಿನಿಂದ ನೋಡುತ್ತಾ ಬರೀ ಗೆರೆಯಲ್ಲಿ ಬಿಡಿಸಿ. ಏನು ಬಂತು? ವೃತ್ತದೊಳಗೊಂದು ವೃತ್ತ, ಅಲ್ವಾ? ನನ್ನ ಮೊದಲ ಇಡ್ಲಿ ನೋಡಿ ಮಗ, "ಅಮ್ಮಾ, ಇದು ಸಿ.ಡಿ.ನಾ?" ಅಂದಿದ್ದ.

ಇದೇ ಪೇಚಿಗೆ ಒಬ್ಬ ಸಮುರಾಯ್ ಕೂಡ ಸಿಕ್ಕಿಬಿದ್ದಿದ್ದನಂತೆ. ಹೆಸರು ಒಡಾನೊ ನಾವೊತಾಕೆ, ಜಪಾನಿನ ಅಕಿತಾ ಸಂಸ್ಥಾನದವನು. 1773ರಲ್ಲಿ ಅಲ್ಲಿನ ಗಣಿಗಳಿಗೆ ಸಲಹೆ ಕೊಡಲು ಹಿರಾಗಾ ಗೆನ್ನಾಯ್ ಎಂಬ ಪಂಡಿತ ಬಂದ. ಒಂದರ ಮೇಲೊಂದಿಟ್ಟ ಮೋಚಿಯನ್ನು, ಅಂದರೆ ಅನ್ನ ಕುಟ್ಟಿ ಮಾಡುವ ಉಂಡೆಯನ್ನು, ಮೇಲಿನಿಂದ ಬಿಡಿಸು ಅಂದ. ಬಂದದ್ದು ವೃತ್ತಗಳೇ. ಇದು ಮೋಚಿಯೋ, ತಟ್ಟೆಯೋ ಹೇಗೆ ಗೊತ್ತಾಗಬೇಕು ಅಂತ ಕೇಳಿ, ಪಶ್ಚಿಮದವರ ಹಾಗೆ ನೆರಳು ಹಾಕುವುದನ್ನು ಹೇಳಿಕೊಟ್ಟ. ಕಥೆಗೆ ಉಪ್ಪುಖಾರ ಬೆರೆತಿರಬಹುದು. ಆದರೆ ಮರುವರ್ಷವೇ, ಡಚ್ ಪುಸ್ತಕದಿಂದ ಜಪಾನಿ ಭಾಷೆಗೆ ಅನುವಾದವಾದ ಅಂಗರಚನಾ ಗ್ರಂಥ 'ಕೈತಾಯ್ ಶಿನ್ಶೊ'ಗೆ ಚಿತ್ರ ಬರೆದವನು ಇದೇ ನಾವೊತಾಕೆ.

ಈಗ ನಮ್ಮ ಇಡ್ಲಿ. ಮೊದಲು ಟ್ಯೂಬ್‌ಲೈಟ್ ಆರಿಸಿ. ನಾನು ಆರಿಸದೆ ಕೂತು, ಎರಡೂ ಕಡೆ ನೆರಳು ಹಾಕಿ ಒಂದು ವಾರ ಕೆಡಿಸಿಕೊಂಡೆ. ಬೆಳಕು ಒಂದೇ ಕಿಟಕಿಯಿಂದ ಬರಲಿ. ಕಿಟಕಿ ಎಡಕ್ಕಿದ್ದರೆ ಇಡ್ಲಿಯ ಎಡಭಾಗಕ್ಕೆ ಪೆನ್ಸಿಲ್ ಮುಟ್ಟಿಸಲೇಬೇಡಿ. ಬಲಗಡೆ, ಇಡ್ಲಿಯ ಉಬ್ಬು ಹೇಗೆ ಬಾಗುತ್ತದೋ ಹಾಗೇ ಬಾಗಿಸಿ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯಿರಿ. ಬೆರಳಲ್ಲಿ ಉಜ್ಜಬೇಡಿ, ಇಡ್ಲಿ ಹಳಸಿದ ಹಾಗೆ ಕಾಣುತ್ತದೆ.

ಎಲ್ಲಕ್ಕಿಂತ ಕಪ್ಪು ಇರಬೇಕಾದದ್ದು ಇಡ್ಲಿಯ ಮೇಲಲ್ಲ, ಅದು ತಟ್ಟೆಗೆ ತಾಗುವ ಸಂದಿಯಲ್ಲಿ. ಇನ್ನೂ ಒಂದು ಇದೆ. ನೆರಳಿನ ಕಡೆ ಇಡ್ಲಿಯ ಅಂಚನ್ನು ಕಣ್ಣು ಕಿರಿದು ಮಾಡಿ ನೋಡಿ. ತಟ್ಟೆಯಿಂದ ಚಿಮ್ಮಿದ ಬೆಳಕು ಅಲ್ಲಿ ನೂಲಿನಷ್ಟು ತೆಳ್ಳಗೆ ಕೂತಿರುತ್ತದೆ. ಅಷ್ಟನ್ನು ತಿಳಿಯಾಗಿ ಬಿಟ್ಟ ದಿನ ನನ್ನ ಇಡ್ಲಿ ಉಬ್ಬಿತು.

ಕೈ ಪಳಗಿದ ಮೇಲೆ ಲಾಲ್‌ಬಾಗ್ ಕೆರೆಗೆ ಹೋಗಿ. ಎಡೋ ನಗರದ, ಅಂದರೆ ಇಂದಿನ ಟೋಕಿಯೊದ, ಶಿನೊಬಾಜು ಕೊಳದ ಚಿತ್ರದಲ್ಲಿ ನಾವೊತಾಕೆ ಹೂವಿನ ಕುಂಡವನ್ನು ಎದುರಿಗೇ ದೊಡ್ಡದಾಗಿ ಇಟ್ಟಿದ್ದಾನೆ. ಕೊಳ ಹಿಂದೆ, ದೂರದಲ್ಲಿ, ಪುಟ್ಟದಾಗಿದೆ. ನೀವೂ ಗಿಡವೊಂದರ ಹಿಂದೆ ಕೂತು, ಹೂವಿಗೆ ಅರ್ಧ ಹಾಳೆ ಕೊಡಿ. ಆಚೆ ದಡವನ್ನು ಹಾಳೆಯ ಕೆಳಭಾಗದಲ್ಲೇ, ಪೆನ್ಸಿಲ್ ಒತ್ತದೆ ಮುಗಿಸಿ. ಅಲ್ಲಿ ಜಾಸ್ತಿ ಗೀಚಿದರೆ ದೂರವೆಲ್ಲ ಹತ್ತಿರ ಬಂದುಬಿಡುತ್ತದೆ.

1780ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತರ ಆಸುಪಾಸು. ನಾನು ಶುರು ಮಾಡಿದ್ದೇ ಐವತ್ತೆರಡಕ್ಕೆ. ಆ ಚಿತ್ರದ ಹೂಮೊಗ್ಗಿನ ಮೇಲೆ ಅವನು ಇರುವೆಗಳನ್ನೂ ಬಿಡಿಸಿದ್ದಾನೆ. ಲಾಲ್‌ಬಾಗಲ್ಲಿ ಇರುವೆಗೇನೂ ಬರವಿಲ್ಲ. ಇಡ್ಲಿ ಮಾತ್ರ ಮನೆಯಲ್ಲೇ ತಿಂದು ಹೋಗಿ.