ಪಾಯಿಂಟ್ ಎಲ್ಲಿ ಬರುತ್ತವೆ ನೋಡಿ, ಆಮೇಲೆ ರಾಕೆಟ್ ಕೊಂಡೆ

ರಾಯಚೂರಿನಲ್ಲಿ ನಾನು ಬ್ಯಾಡ್ಮಿಂಟನ್ ಆಡುವುದು ಡಬಲ್ಸ್ ಮಾತ್ರ. ನನ್ನ ಜೊತೆ ಆಡುವ ಹುಡುಗ ಎತ್ತರ ಇದ್ದಾನೆ, ಹಿಂದೆ ನಿಂತು ಸ್ಮ್ಯಾಶ್ ಹೊಡೆಯುತ್ತಾನೆ. ನಾನು ನೆಟ್ ಹತ್ತಿರ ಇರುತ್ತೇನೆ. ಹೊಸ ರಾಕೆಟ್ ಬೇಕು ಅನ್ನಿಸಿದಾಗ ಸೀದಾ ಅಂಗಡಿಗೆ ಹೋಗಲಿಲ್ಲ. ಕೋರ್ಟ್ ಪಕ್ಕ ಮೊಬೈಲ್ ಇಟ್ಟು ನಮ್ಮ ಆಟ ರೆಕಾರ್ಡ್ ಮಾಡಿಕೊಂಡೆ. ನನಗೆ ಪಾಯಿಂಟ್ ಯಾವ ಹೊಡೆತದಿಂದ ಬರುತ್ತವೆ ಅಂತ ಅದರಲ್ಲಿ ನೋಡಿದೆ.

ಸ್ಮ್ಯಾಶ್‌ನಿಂದ ಬಂದದ್ದು ಕಡಿಮೆ. ನೆಟ್ ಮೇಲೆ ಬಂದ ಶಟಲ್ ತಟ್ಟಿ ಕೆಳಗೆ ಇಳಿಸಿದ್ದು, ಎದೆ ಎತ್ತರದಲ್ಲಿ ನೇರವಾಗಿ ಜೋರಾಗಿ ಹೊಡೆದ ಡ್ರೈವ್, ಎದುರಿನವರ ಸ್ಮ್ಯಾಶ್ ತಡೆದು ತಿರುಗಿಸಿದ್ದು, ಇವೇ ಜಾಸ್ತಿ. ಇವುಗಳಲ್ಲಿ ಕೈ ಪೂರ್ತಿ ಬೀಸುವಷ್ಟು ಸಮಯ ಇರುವುದಿಲ್ಲ. ಮಣಿಕಟ್ಟು, ಬೆರಳುಗಳೇ ಕೆಲಸ ಮಾಡಬೇಕು. ತಲೆ ಭಾರದ, ಅಂದರೆ ದಾರ ಕಟ್ಟಿದ ಭಾಗದ ಕಡೆ ತೂಕ ಹೆಚ್ಚಿರುವ ರಾಕೆಟ್ ಇದ್ದರೆ ಒಂದು ಹೊಡೆತ ಮುಗಿಸಿ ಮತ್ತೆ ಮುಖದ ಮುಂದೆ ತರುವುದು ತಡವಾಗುತ್ತದೆ. ಹಿಂದೆ ನಿಂತವನಿಗೆ ಅದೇ ಭಾರ ಬೇಕು, ಪೂರ್ತಿ ಕೈ ಬೀಸಿದಾಗ ಅದು ಶಟಲ್‌ಗೆ ಬಲ ಕೊಡುತ್ತದೆ. ಹಾಗಾಗಿ ಒಂದೇ ಜೋಡಿಯಲ್ಲಿ ನಮ್ಮಿಬ್ಬರ ರಾಕೆಟ್ ಬೇರೆ ಬೇರೆ. ಎರಡೂ ಯೋನೆಕ್ಸ್ ಕಂಪನಿಯವು. ಅವನದು ಆಸ್ಟ್ರಾಕ್ಸ್ ಸಾಲಿನದು, ತಲೆ ಭಾರ. ನನ್ನದು ನ್ಯಾನೋಫ್ಲೇರ್, ತಲೆ ಹಗುರ.

ಕೊಳ್ಳುವ ಮೊದಲು ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ. ಹಳೆಯ ರಾಕೆಟ್‌ನ ತಲೆಗೆ ಟೇಪ್‌ನ ಸಣ್ಣ ತುಂಡುಗಳನ್ನು ಅಂಟಿಸಿ ಕೆಲವು ಸಂಜೆ ಆಡಿದೆ. ಆಮೇಲೆ ಅದನ್ನು ಕಿತ್ತು, ಹಿಡಿಯ ಮೇಲೆ ಇನ್ನೊಂದು ಗ್ರಿಪ್ ಸುತ್ತಿ ಆಡಿದೆ. ಎರಡು ಮೂರು ಗ್ರಾಂ ತಲೆಯ ಕಡೆ ಹೋದರೆ ಡ್ರೈವ್‌ನಲ್ಲಿ ಕೈ ಹೇಗೆ ಹಿಂದೆ ಬೀಳುತ್ತದೆ ಅಂತ ಅಲ್ಲೇ ಗೊತ್ತಾಯಿತು. ಇದಕ್ಕೆ ಖರ್ಚು ಏನೂ ಇಲ್ಲ, ಅಲ್ವಾ? ತೂಗು ಬಿಂದು ನೋಡುವುದೂ ಸುಲಭ. ರಾಕೆಟ್ ಅನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು, ಅದು ನಿಲ್ಲುವ ಜಾಗವನ್ನು ಹಿಡಿಯ ತುದಿಯಿಂದ ಅಳತೆ ಟೇಪಿನಲ್ಲಿ ಅಳೆಯಬೇಕು. ಗಟ್ (ದಾರ) ಹಾಕದ ರಾಕೆಟ್‌ನಲ್ಲಿ ಸುಮಾರು 285ರಿಂದ 295 ಮಿಲಿಮೀಟರ್ ಬಂದರೆ ಸಮ. ಅದಕ್ಕಿಂತ ಹೆಚ್ಚಿದ್ದರೆ ತಲೆ ಭಾರ, ಕಡಿಮೆ ಇದ್ದರೆ ತಲೆ ಹಗುರ.

ತೂಕಕ್ಕೆ ರಾಕೆಟ್ ಮೇಲೆಯೇ ಗುರುತು ಇರುತ್ತದೆ. 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ನಾನು 4ಯು ತಗೊಂಡೆ. ತುಂಬಾ ಹಗುರವಾದರೆ ಜೋರಾದ ಸ್ಮ್ಯಾಶ್ ತಡೆಯುವಾಗ ರಾಕೆಟ್ ಕೈಯಲ್ಲಿ ಅಲುಗುತ್ತದೆ.

ಶಾಫ್ಟ್, ಅಂದರೆ ಹಿಡಿಗೂ ತಲೆಗೂ ನಡುವಿನ ಕೋಲಿನ ಬಗ್ಗೆ ನಮ್ಮ ಹುಡುಗರು ಸುಮ್ನೆ ಆತುರ ಮಾಡುತ್ತಾರೆ. ಡೆನ್ಮಾರ್ಕ್‌ನ ಆಟಗಾರ ವಿಕ್ಟರ್ ಆಕ್ಸೆಲ್ಸನ್ ಹಿಡಿದದ್ದು ಗಟ್ಟಿ ಶಾಫ್ಟ್, ನಮಗೂ ಅದೇ ಬೇಕು ಅನ್ನುತ್ತಾರೆ. ಅವರು ಆರಡಿಗಿಂತ ಎತ್ತರ, ಕೈ ಬೀಸುವ ವೇಗವೇ ಬೇರೆ. ಗಟ್ಟಿ ಶಾಫ್ಟ್ ಬಾಗಬೇಕಾದರೆ ಆ ವೇಗ ಬೇಕು. ವೇಗ ಇಲ್ಲದಿದ್ದರೆ ಶಟಲ್ ದೂರ ಹೋಗುವುದಿಲ್ಲ, ಮೊಣಕೈ ಮಾತ್ರ ನೋಯುತ್ತದೆ. ಕೋರ್ಟ್ ಉದ್ದ 13.40 ಮೀಟರ್. ಈ ಕೊನೆಯಿಂದ ಆ ಕೊನೆಗೆ ಕ್ಲಿಯರ್ (ಎತ್ತರಕ್ಕೆ ಎತ್ತಿ ಹಿಂದಕ್ಕೆ ಕಳಿಸುವ ಹೊಡೆತ) ಆರಾಮಾಗಿ ಹೋಗುತ್ತದೆಯೇ ನೋಡಿಕೊಳ್ಳಬೇಕು. ಹೋಗದಿದ್ದರೆ ಮಧ್ಯಮ ಅಥವಾ ಬಾಗುವ ಶಾಫ್ಟ್ ಒಳ್ಳೆಯದು. ಮೊನ್ನೆ ಒಬ್ಬ ಹುಡುಗ "ಅಣ್ಣಾ, ಯಾವ್ದು ತಗೊಳ್ಳಲಿ?" ಅಂತ ಕೇಳಿದ. "ಮೊದಲು ಹತ್ತು ಕ್ಲಿಯರ್ ಹೊಡೆದು ತೋರ್ಸು" ಅಂದೆ. ಅವನಿಗೆ ಮಧ್ಯಮ ಶಾಫ್ಟ್ ಸಾಕಾಯಿತು.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ತಗೋಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಕಾದ ಗಾಳಿ ತೆಳು, ಶಟಲ್ ಬೇಗ ಹಾರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ನಿಧಾನದ 76ರ ಶಟಲ್ ತರುತ್ತೇವೆ, ಚಳಿಗಾಲದಲ್ಲಿ 77. ಈ ಸಂಖ್ಯೆ ಶಟಲ್‌ನ ವೇಗದ ಗುರುತು, ಹೆಚ್ಚಿದ್ದಷ್ಟೂ ವೇಗ ಹೆಚ್ಚು. ಆದರೂ ಬೇಸಿಗೆಯ ಡಬಲ್ಸ್ ತುಸು ಜೋರು. ಯೋಚಿಸುವಷ್ಟರಲ್ಲಿ ಶಟಲ್ ಎದೆಗೆ ಬಂದಿರುತ್ತದೆ. ಹಗುರ ತಲೆಯ ರಾಕೆಟ್ ನನಗೆ ಇನ್ನಷ್ಟು ಇಷ್ಟವಾಗುವುದು ಆಗಲೇ. ಬೆವರಿಗೆ ಟವೆಲ್ ಗ್ರಿಪ್ ಸುತ್ತುವವರು ಒಂದು ನೆನಪಿಡಬೇಕು. ಅದು ಹಿಡಿಯ ತೂಕ ಹೆಚ್ಚಿಸಿ ತೂಗು ಬಿಂದುವನ್ನು ಕೆಳಗೆ ಎಳೆಯುತ್ತದೆ. ತಲೆ ಭಾರ ಬೇಕು ಅಂತಲೇ ಕೊಂಡವರಿಗೆ ಅದು ಆಗಿಬರುವುದಿಲ್ಲ.

ಗಟ್ಟಿಂಗ್, ಅಂದರೆ ದಾರ ಕಟ್ಟಿಸುವ ವಿಷಯಕ್ಕೆ ಬಂದರೆ ನನ್ನದು ಬಿಜಿ 65 ದಾರ, 24 ಪೌಂಡ್ ಬಿಗಿ. ದಾರ 0.70 ಮಿಲಿಮೀಟರ್ ದಪ್ಪ, ಬಾಳಿಕೆ ಬರುತ್ತದೆ. ಇನ್ನೂ ಬಿಗಿ ಮಾಡಿದರೆ ಶಟಲ್ ಸರಿಯಾಗಿ ಚಿಮ್ಮುವ ಜಾಗ ಚಿಕ್ಕದಾಗುತ್ತದೆ. ಅವಸರದ ಡಿಫೆನ್ಸ್‌ನಲ್ಲಿ ಶಟಲ್ ನಟ್ಟನಡುವೆಯೇ ತಾಗಲಿ ಅಂತ ಕಾಯುವಂತಿಲ್ಲ. ಗಟ್ಟಿಂಗ್ ಮಾಡಿಸಿದ ರಾಕೆಟ್ ಅನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಬಿಗಿ ಬೇಗ ಇಳಿಯುತ್ತದೆ. ನಾನು ಮಧ್ಯಾಹ್ನ ಆಫೀಸಿನ ಒಳಗೇ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ.