ಸತ್ತ ರೌಟರ್ ಎದ್ದು ಕೂತಿದ್ದು ಹೀಗೆ

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ಟಿಪಿ-ಲಿಂಕ್ ಆರ್ಚರ್ ಸಿ7 ರೌಟರ್ ಇದೆ, ಐದನೇ ವರ್ಷನ್. ಅದರ ಮೂಲ ಸಾಫ್ಟ್‌ವೇರ್ ತೆಗೆದು ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ರೌಟರ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಮಗ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದರೆ ಸಾಕು, ನನ್ನ ಆಫೀಸ್ ಕಾಲ್ ತೊದಲುತ್ತಿತ್ತು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಸ್‌ಕ್ಯೂಎಂ, ಅಂದರೆ ಒಂದೇ ಡೌನ್‌ಲೋಡ್ ಇಡೀ ಲೈನ್ ನುಂಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಆನ್ ಮಾಡಿದ ಮೇಲೆ ಆ ಕಾಟ ನಿಂತಿತ್ತು.

ಮಳೆಗಾಲದ ಒಂದು ಸಂಜೆ ಹೊಸ ವರ್ಷನ್‌ಗೆ ಅಪ್‌ಗ್ರೇಡ್ ಮಾಡಲು ಕೂತೆ. ರೌಟರ್ ಯಾವಾಗಲೂ ಇನ್ವರ್ಟರ್ ಲೈನಿನಲ್ಲಿರುತ್ತಿತ್ತು. ಅವತ್ತು ಕೇಬಲ್ ಹಚ್ಚಲು ಅನುಕೂಲ ಆಗಲಿ ಅಂತ ನನ್ನ ಟೇಬಲ್ ಹತ್ತಿರದ ಪ್ಲಗ್ಗಿಗೆ ತಂದಿಟ್ಟಿದ್ದೆ. ಆ ಪ್ಲಗ್ಗಿಗೆ ಇನ್ವರ್ಟರ್ ಇಲ್ಲ. ಹೊಸ ಸಾಫ್ಟ್‌ವೇರ್ ರೌಟರ್‌ನ ಫ್ಲ್ಯಾಶ್ ಮೆಮೊರಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು.

ಕರೆಂಟ್ ಬಂದಾಗ ಪವರ್ ಲೈಟ್ ಮಾತ್ರ ಹತ್ತಿತು. ವೈಫೈ ಇಲ್ಲ, ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿ ಕರೆದರೂ ಉತ್ತರ ಇಲ್ಲ. ಒಳಗಿನಿಂದ ಅವ್ವ, “ಕರೆಂಟ್ ಬಂದೈತಲ್ಲೋ, ವೈಫೈ ಯಾಕ ಬರವಲ್ದು?” ಅಂದಳು. ಮರುದಿನ ಕೊಪ್ಪಿಕರ್ ರಸ್ತೆಯಲ್ಲಿ ಒಬ್ಬರಿಗೆ ತೋರಿಸಿದೆ. “ಬೋರ್ಡ್ ಹೋಗೇತ್ರಿ ಸರ, ಹೊಸಾದು ತಗೋರಿ” ಅಂದರು. ನನಗೆ ನಂಬಿಕೆ ಬರಲಿಲ್ಲ.

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಫೇಲ್‌ಸೇಫ್ ಅಂತ ಒಂದು ದಾರಿ ಇದೆ. ಆನ್ ಆಗುವಾಗ ಲೈಟ್ ಮಿನುಗುತ್ತದೆ, ಆಗ ಬಟನ್ ಒತ್ತಬೇಕು. ಸೆಟ್ಟಿಂಗ್ ಕೆಟ್ಟಿದ್ದರೆ ಅದು ಸಾಕು. ನನ್ನದರಲ್ಲಿ ಲೈಟ್ ಮಿನುಗಲೇ ಇಲ್ಲ. ಫರ್ಮ್‌ವೇರೇ, ಅಂದರೆ ರೌಟರ್‌ನೊಳಗಿನ ಸಾಫ್ಟ್‌ವೇರೇ, ಅರ್ಧ ಬರೆದು ನಿಂತಿದ್ದರೆ ಅದರೊಳಗಿನ ಫೇಲ್‌ಸೇಫ್ ಎಲ್ಲಿಂದ ಬರಬೇಕು? ಆದರೆ ಪವರ್ ಕೊಟ್ಟ ಕೂಡಲೇ ಮೊದಲು ಓಡುವ ಚಿಕ್ಕ ಪ್ರೋಗ್ರಾಮ್, ಬೂಟ್‌ಲೋಡರ್, ಫ್ಲ್ಯಾಶ್‌ನ ಬೇರೆ ಜಾಗದಲ್ಲಿರುತ್ತದೆ, ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ. ರೀಸೆಟ್ ಒತ್ತಿ ಹಿಡಿದು ಪವರ್ ಕೊಟ್ಟರೆ ಅದು 192.168.0.66 ವಿಳಾಸದಲ್ಲಿ ಟಿಎಫ್‌ಟಿಪಿ ಸರ್ವರ್ (ಕೇಳಿದ ಫೈಲ್ ಕಳಿಸುವ ಸರಳ ಸರ್ವರ್) ಹುಡುಕಿ, ಒಂದು ನಿಗದಿತ ಹೆಸರಿನ ಫೈಲ್ ಕೇಳುತ್ತದೆ.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಓಪನ್‌ಡಬ್ಲ್ಯೂಆರ್‌ಟಿಯ ಫ್ಯಾಕ್ಟರಿ ಇಮೇಜ್, ಅಂದರೆ ಮೊದಲ ಸಲ ಹಾಕುವ ಫೈಲ್, ಇಳಿಸಿಕೊಂಡೆ. ಇಲ್ಲಿ ಅಪ್‌ಗ್ರೇಡ್‌ಗೆ ಬಳಸುವ ಸಿಸ್‌ಅಪ್‌ಗ್ರೇಡ್ ಇಮೇಜ್ ನಡೆಯುವುದಿಲ್ಲ. ಹೆಸರನ್ನು ‘ಆರ್ಚರ್‌ಸಿ7ವಿ5_ಟಿಪಿ_ರಿಕವರಿ.ಬಿನ್’ ಅಂತ ಬದಲಿಸಿದೆ, ಇಂಗ್ಲಿಷ್ ಅಕ್ಷರದಲ್ಲಿ. ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟಿಗೆ 192.168.0.66 ಕೊಟ್ಟೆ. ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ, ಟಿಎಫ್‌ಟಿಪಿ ಸರ್ವರ್ ಆಗುವ ಟಿಎಫ್‌ಟಿಪಿಡಿ64 ಪ್ರೋಗ್ರಾಮ್ ಓಡಿಸಿದೆ. ರೀಸೆಟ್ ಒತ್ತಿ, ಪವರ್ ಕೊಟ್ಟು, ಹತ್ತು ಸೆಕೆಂಡ್ ಹಿಡಿದೆ. ಲಾಗ್ ಖಾಲಿ. ಮತ್ತೆ ಮಾಡಿದೆ. ಖಾಲಿ. ಹತ್ತಾರು ಸಲ ಮಾಡಿರಬೇಕು, ಬೆರಳು ನೋಯತೊಡಗಿತು.

ರಾತ್ರಿ ಊಟ ಮಾಡುವಾಗ ಹೊಳೆಯಿತು. ರೌಟರ್ ಆಫ್ ಮಾಡಿದ ಕೂಡಲೇ ಲ್ಯಾಪ್‌ಟಾಪ್ ‘ಕೇಬಲ್ ಇಲ್ಲ’ ಅನ್ನುತ್ತದೆ. ಆ ಪೋರ್ಟಿನ ವಿಳಾಸವೂ ಸುಮ್ಮನಾಗುತ್ತದೆ. ರೌಟರ್ ಆನ್ ಆದ ಮೇಲೆ ಲಿಂಕ್ ಮತ್ತೆ ಏಳಲು ಎರಡು ಮೂರು ಸೆಕೆಂಡ್ ಬೇಕು. ಬೂಟ್‌ಲೋಡರ್ ಅಷ್ಟೊತ್ತು ಕಾಯುವುದಿಲ್ಲ. ಅದು ಕೂಗಿದಾಗ ನನ್ನ ಲ್ಯಾಪ್‌ಟಾಪ್ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿತ್ತು ಅಷ್ಟೇ.

ಕೆಳಗಿನ ಮನೆಯ ಕಾಕಾ ಹಿಂದೆ ಸೈಬರ್ ಕೆಫೆ ನಡೆಸುತ್ತಿದ್ದರು. ಅವರ ಹತ್ತಿರ ಐದು ಪೋರ್ಟಿನ ಹಳೇ ಸ್ವಿಚ್ ಒಂದು ಸಿಕ್ಕಿತು. ಅದನ್ನು ಲ್ಯಾಪ್‌ಟಾಪ್ ಮತ್ತು ರೌಟರ್ ನಡುವೆ ಹಾಕಿದೆ. ಈಗ ರೌಟರ್ ಆರಿದರೂ ಲ್ಯಾಪ್‌ಟಾಪ್‌ನ ಲಿಂಕ್ ಎದ್ದೇ ಇರುತ್ತದೆ. ರೀಸೆಟ್ ಒತ್ತಿ ಪವರ್ ಕೊಟ್ಟೆ. 192.168.0.86ರಿಂದ ಕೋರಿಕೆ ಬಂದೇ ಬಿಟ್ಟಿತು! ಜೊತೆಗೆ ‘ಫೈಲ್ ಸಿಗಲಿಲ್ಲ’. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೈಲ್ ಹೆಸರಿನ ಕೊನೆಯ ‘.ಬಿನ್’ ಅನ್ನುವ ಬಾಲವನ್ನು ವಿಂಡೋಸ್ ಮುಚ್ಚಿಟ್ಟಿತ್ತು, ನಾನು ಇನ್ನೊಂದು ಬಾಲ ಹಚ್ಚಿದ್ದೆ. ಕೊನೆಗೆ ಹೆಸರು ‘ಬಿನ್.ಬಿನ್’ ಆಗಿತ್ತು. ಸರಿ ಮಾಡಿದೆ. ಕೆಲವೇ ಸೆಕೆಂಡಿನಲ್ಲಿ ಫೈಲ್ ಹೋಯಿತು.

ಆಮೇಲೆ ಐದು ನಿಮಿಷ ಕೈ ಕಟ್ಟಿ ಕೂತೆ. ಬರೆಯುವುದು ಮುಗಿಯುವ ಮುಂಚೆ ಪವರ್ ಮುಟ್ಟಿದರೆ ಮತ್ತೆ ಮೊದಲಿನಿಂದ. ಈ ಸಲ ಪ್ಲಗ್ ಇನ್ವರ್ಟರ್‌ದ್ದೇ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಬ್ರೌಸರ್‌ನಲ್ಲಿ 192.168.0.1 ತೆರೆದರೆ ಏನೂ ಬರಲಿಲ್ಲ, ಎದೆ ಧಸಕ್ಕೆಂದಿತು. ಓಪನ್‌ಡಬ್ಲ್ಯೂಆರ್‌ಟಿಯ ವಿಳಾಸ 192.168.1.1 ಅನ್ನುವುದನ್ನೇ ಮರೆತಿದ್ದೆ. ಲ್ಯಾನ್ ಪೋರ್ಟನ್ನು ಆಟೊಮ್ಯಾಟಿಕ್‌ಗೆ ತಿರುಗಿಸಿದ ಮೇಲೆ ಪೇಜ್ ಬಂತು. ಅಪ್‌ಗ್ರೇಡ್‌ಗೆ ಮುಂಚೆ ಇಳಿಸಿಟ್ಟಿದ್ದ ಸೆಟ್ಟಿಂಗ್‌ಗಳ ಬ್ಯಾಕಪ್ ಹಾಕಿದೆ, ಹಳೇ ಹೆಸರು, ಹಳೇ ಪಾಸ್‌ವರ್ಡ್ ಸಮೇತ ವೈಫೈ ಬಂತು.

ಕಾಕಾನ ಸ್ವಿಚ್ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ. ಅವರು ಕೇಳಿಲ್ಲ, ನಾನೂ ನೆನಪು ಮಾಡಿಲ್ಲ.